ಮುದ್ರೆಯಿರುವ ಲೀಟರು, ಮುದ್ರೆಯಿಲ್ಲದ ದರ



ನಾವು ಸೇರಿರುವ ಈ ಹಾಸನಕ್ಕೂ ಪೆಟ್ರೋಲಿಗೂ ನೆಲದಡಿಯ ನಂಟಿದೆ. ಮಂಗಳೂರಿನಿಂದ ಹೊರಡುವ ಕೊಳವೆ ಮಾರ್ಗ ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೊಮ್ಮೆ ಪಂಪಿನ ಒತ್ತಡ ಪಡೆದು ಘಟ್ಟ ಹತ್ತುತ್ತದೆ. ಹಾಸನ ಮುಟ್ಟಿ, ಅಲ್ಲಿಂದ ಬೆಂಗಳೂರಿನಾಚೆಯ ದೇವನಗೊಂದಿಗೆ ಹೋಗುತ್ತದೆ. ಉದ್ದ ಸುಮಾರು 362 ಕಿಲೋಮೀಟರ್, ಶುರುವಾದದ್ದು 2003ರಲ್ಲಿ. ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು ಎಂದು ಎರಡು ಕೊಳವೆಗಳಿಲ್ಲ. ಒಂದರ ಬೆನ್ನಿಗೆ ಇನ್ನೊಂದನ್ನು ಒಂದೇ ಕೊಳವೆಯಲ್ಲಿ ತಳ್ಳುತ್ತಾರೆ. ಎರಡೂ ಕೂಡುವ ಜಾಗದಲ್ಲಿ ಬೆರೆತದ್ದನ್ನು ಕೊನೆಯಲ್ಲಿ ಬೇರೆ ತೆಗೆದಿಡುತ್ತಾರೆ. ಇಷ್ಟು ಎಚ್ಚರದಿಂದ ಘಟ್ಟ ಹತ್ತಿಬಂದ ಎಣ್ಣೆ ಬಂಕಿನಲ್ಲಿ ನಮ್ಮ ಗಾಡಿಯ ಟ್ಯಾಂಕಿಗೆ ಬೀಳುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ. ಅಳತೆ ಸರಿಯಿದೆಯೆ? ದರ ಸರಿಯಿದೆಯೆ?

ಮೊದಲ ಪ್ರಶ್ನೆಗೆ ನಮ್ಮ ದೇಶದ ಕಾನೂನು ಒಳ್ಳೆಯ ಉತ್ತರವನ್ನೇ ಕೊಟ್ಟಿದೆ. ಯಾರು ಬೇಕಾದರೂ ನಿಂತು ನೋಡಬಹುದಾದ ಉತ್ತರ ಅದು. ಎರಡನೆಯ ಪ್ರಶ್ನೆಗೆ ಅಂಥ ಉತ್ತರ ಇನ್ನೂ ಸಿಕ್ಕಿಲ್ಲ. ಅಳತೆಯಲ್ಲಿ ಹೋಗಬಹುದಾದ ಎಂಟಾಣೆಯ ಮೇಲೆ ನಮ್ಮ ಕಣ್ಣೆಲ್ಲ ಇದೆ. ದರದಲ್ಲಿ ಬಂದುಹೋಗುವ ಮೂರು, ಐದು, ಹತ್ತು ರೂಪಾಯಿಗಳನ್ನು ಮಳೆಬಿಸಿಲಿನ ಹಾಗೆ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ಇಂದಿನ ಮಾತೆಲ್ಲ ಇದರ ಸುತ್ತಲೇ.

ಅಳತೆಯಿಂದ ಶುರು ಮಾಡುತ್ತೇನೆ. ಬಂಕಿನ ಯಂತ್ರದ ಮುಂದಿನ ಬಾಗಿಲು ತೆಗೆದರೆ ಒಳಗೆ ಬೋಗುಣಿಯಷ್ಟು ದೊಡ್ಡದೊಂದು ಲೋಹದ ಮೀಟರ್ ಕಾಣುತ್ತದೆ. ಸಾಮಾನ್ಯವಾಗಿ ಅದರೊಳಗೆ ಕೆಲವು ಪಿಸ್ಟನ್‌ಗಳಿರುತ್ತವೆ. ನೆಲದಡಿಯ ಟ್ಯಾಂಕಿನಿಂದ ಬಂದ ಪೆಟ್ರೋಲ್ ಗಾಳಿಯ ಗುಳ್ಳೆಗಳನ್ನು ಕಳೆದುಕೊಂಡು, ಈ ಪಿಸ್ಟನ್‌ಗಳ ಕೋಣೆಗಳನ್ನು ಒಂದಾದ ಮೇಲೊಂದರಂತೆ ತುಂಬಿ ಖಾಲಿ ಮಾಡುತ್ತದೆ. ಪ್ರತಿ ಸಲವೂ ತುಂಬುವುದು ಅಷ್ಟೇ ಪ್ರಮಾಣ. ಆ ಚಲನೆಯಿಂದ ಒಂದು ದಂಡ ತಿರುಗುತ್ತದೆ. ದಂಡದ ಮೇಲೆ ಕೂತ ಪಲ್ಸರ್ ಎಂಬ ಚಿಕ್ಕ ಸಾಧನ ಪ್ರತಿ ಸುತ್ತನ್ನೂ ವಿದ್ಯುತ್ ಮಿಡಿತಗಳಾಗಿ ಮಾಡಿ ಮೇಲಿನ ಬೋರ್ಡಿಗೆ ಕಳಿಸುತ್ತದೆ. ಬೋರ್ಡು ಮಿಡಿತ ಎಣಿಸಿ ಲೀಟರು ತೋರಿಸುತ್ತದೆ, ದರದಿಂದ ಗುಣಿಸಿ ರೂಪಾಯಿ ತೋರಿಸುತ್ತದೆ. ನೂರು ರೂಪಾಯಿ ಅಂದರೆ ಕಡಿಮೆ ಬರುತ್ತದೆ, ನೂರಹತ್ತು ಅಂದರೆ ಸರಿಯಾಗಿ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸರಿಯಾದ ಯಂತ್ರಕ್ಕೆ ಎರಡೂ ಒಂದೇ. ಅದು ಎಣಿಸುವುದು ಮಿಡಿತವನ್ನು.

ಮೀಟರಿನಲ್ಲಿ ಅಳತೆ ಹೆಚ್ಚುಕಡಿಮೆ ಮಾಡಲು ಒಂದು ತಿರುಪು ಇರುತ್ತದೆ. ಯಂತ್ರ ಸವೆದಂತೆ ಅದನ್ನು ತಿದ್ದಲೇಬೇಕಾದ್ದರಿಂದ ಅದು ಬೇಕು. ತಿದ್ದಿದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಆ ತಿರುಪಿಗೂ ಪಲ್ಸರಿಗೂ ತಂತಿ ಹಾಯಿಸಿ, ಸೀಸದ ಬಿಲ್ಲೆ ಒತ್ತಿ ಮುದ್ರೆ ಹಾಕುತ್ತಾರೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಂಕಿನ ಯಂತ್ರಕ್ಕೆ ವರ್ಷಕ್ಕೊಮ್ಮೆ ಮರುಮುದ್ರೆ ಆಗಲೇಬೇಕು. ಮುದ್ರೆ ಒಡೆಯದೆ ತಿರುಪು ಮುಟ್ಟಲು ಆಗುವುದಿಲ್ಲ. ಮುದ್ರೆ ಒಡೆದಿದ್ದರೆ ಆ ಯಂತ್ರದಿಂದ ಮಾರುವಂತಿಲ್ಲ.

ಸಾಮಾನ್ಯ ಗ್ರಾಹಕನಿಗೂ ಇಲ್ಲಿ ಒಂದು ಹಕ್ಕಿದೆ. ಅದನ್ನು ಬಳಸುವವರು ತೀರಾ ಕಡಿಮೆ. ಪ್ರತಿ ಬಂಕಿನಲ್ಲೂ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಿದ ಐದು ಲೀಟರಿನ ಒಂದು ಮಾಪನ ಪಾತ್ರೆ ಇರಲೇಬೇಕು. ಕೇಳಿದವರಿಗೆ ಅದರಲ್ಲಿ ಅಳೆದು ತೋರಿಸಲೇಬೇಕು. ಈ ಉಪನ್ಯಾಸದ ತಯಾರಿಗೆಂದು ಬಿ.ಎಂ. ರಸ್ತೆಯ ಒಂದು ಬಂಕಿನಲ್ಲಿ ನಾನು ಕೇಳಿದೆ. ಅಲ್ಲಿನ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ, ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಮ್ಯಾನೇಜರ್ ಬೇಸರಿಸಲಿಲ್ಲ. 'ಬೆಳಗ್ಗೆ ನಾವೇ ದಿನಾ ನೋಡ್ತೀವಿ ಸಾರ್, ಬನ್ನಿ' ಎಂದು ಪಾತ್ರೆ ತರಿಸಿದರು. ಕೆಳಗೆ ಅಗಲ, ಮೇಲೆ ಕಿರಿದಾದ ಕುತ್ತಿಗೆ, ಕುತ್ತಿಗೆಯಲ್ಲಿ ಗಾಜಿನ ಕಿಂಡಿ, ಕಿಂಡಿಯ ಪಕ್ಕ ಗೆರೆಗಳು. ಮೊದಲ ಸಲ ತುಂಬಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಬಸಿದರು, ಒಣ ಪಾತ್ರೆಯ ಗೋಡೆಗೆ ಒಂದಿಷ್ಟು ಎಣ್ಣೆ ಅಂಟಿಕೊಳ್ಳುತ್ತದೆ ಎಂದು. ಆಮೇಲೆ ಮಟ್ಟವಾದ ಜಾಗದಲ್ಲಿಟ್ಟು, ಸೊನ್ನೆ ತೋರಿಸಿ, ಬೋರ್ಡಿನಲ್ಲಿ 5.00 ಬರುವವರೆಗೆ ಬಿಟ್ಟರು. ನೊರೆ ಅಡಗಲು ಕಾದು ಕಿಂಡಿಯ ಮಟ್ಟಕ್ಕೆ ಬಗ್ಗಿ ನೋಡಿದೆ. ಎಣ್ಣೆ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು, ಅನುಮತಿಯ ಒಳಗೇ ಇತ್ತು. ಅಳೆದ ಪೆಟ್ರೋಲನ್ನು ಮತ್ತೆ ನೆಲದ ಟ್ಯಾಂಕಿಗೆ ಸುರಿದರು. ನಾನು ಒಂದು ರೂಪಾಯಿಯನ್ನೂ ಕೊಡಬೇಕಾಗಲಿಲ್ಲ.

ಅನುಮತಿಯೆಂದರೆ ಐದು ಲೀಟರಿಗೆ 25 ಮಿಲಿಲೀಟರ್, ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ನೂರಕ್ಕೆ ಅರ್ಧ. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ ಒಂದು ಲೀಟರಿನ ಮೇಲೆ ಹೆಚ್ಚೆಂದರೆ 51 ಪೈಸೆ. ಈ ವಿನಾಯಿತಿ ಇರುವುದು ಯಂತ್ರದ ಸಹಜ ತಪ್ಪಿಗಾಗಿ. ಅದನ್ನೇ ವ್ಯಾಪಾರ ಮಾಡಿಕೊಂಡು ತಿರುಪನ್ನು ಬೇಕೆಂದೇ ಕಡಿಮೆಯ ಕಡೆಗೆ ಕೂರಿಸುವುದು ನನ್ನ ದೃಷ್ಟಿಯಲ್ಲಿ ಕಳ್ಳತನವೇ. ದಿನಕ್ಕೆ 5,000 ಲೀಟರ್ ಮಾರುವ ಬಂಕಿನಲ್ಲಿ ಶೇ 0.3ರಷ್ಟು ಕಡಿಮೆ ಬಿಟ್ಟರೆ ದಿನಕ್ಕೆ 15 ಲೀಟರ್ ಉಳಿಯುತ್ತದೆ, ಕಾನೂನಿನ ಕೈಗೂ ಸಿಕ್ಕುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಅಳತೆ ಚಿಕ್ಕದಾದಷ್ಟೂ ತಪ್ಪಿನ ಪಾಲು ದೊಡ್ಡದಾಗುತ್ತದೆ. ಶುರುವಿನಲ್ಲೂ ನಿಲ್ಲಿಸುವಾಗಲೂ ಆಗುವ ಸಣ್ಣ ವ್ಯತ್ಯಾಸ ಇಪ್ಪತ್ತು ಲೀಟರಿನಲ್ಲಿ ಕರಗಿಹೋಗುತ್ತದೆ, ಅರ್ಧ ಲೀಟರಿನಲ್ಲಿ ಕರಗುವುದಿಲ್ಲ. ದಿನಗೂಲಿಯಿಂದ ಐವತ್ತು ರೂಪಾಯಿ ತೆಗೆದು ಗಾಡಿಗೆ ಹಾಕಿಸುವವನಿಗೇ ಇದರ ಹೊಡೆತ ಹೆಚ್ಚು.

ಮುದ್ರೆಯಿದ್ದ ಮಾತ್ರಕ್ಕೆ ಮೋಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2017ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಉತ್ತರ ಪ್ರದೇಶದ ವಿಶೇಷ ಕಾರ್ಯಪಡೆ ಬಂಕುಗಳ ಮೇಲೆ ದಾಳಿ ಮಾಡಿದಾಗ ಯಂತ್ರಗಳೊಳಗೆ ಚಿಪ್‌ಗಳು ಸಿಕ್ಕವು. ರಿಮೋಟ್ ಒತ್ತಿದರೆ ಎಣಿಕೆ ಕೆಡುತ್ತಿತ್ತು, ಅಧಿಕಾರಿ ಬಂದರೆ ಮತ್ತೆ ಸರಿಹೋಗುತ್ತಿತ್ತು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಠಾಣೆಯ ಪೊಲೀಸರೂ ಇಂಥದನ್ನೇ ಹಿಡಿದರು. ಆದರೆ ಅಂಥ ಮೋಸವನ್ನು ಮೋಸವೆಂದು ತೋರಿಸಲು ಸಾಧ್ಯವಾಗುವುದು ಹೇಗೆ? ಐದು ಲೀಟರಿನ ಪಾತ್ರೆ ಎಂಬ ಒಪ್ಪಿತ ಸಾಕ್ಷಿ ಇರುವುದರಿಂದ. ಈ ಬಗೆಯ ಸಾಕ್ಷಿ ದರದ ವಿಷಯದಲ್ಲಿಲ್ಲ.

ದರಕ್ಕೆ ಬರುವ ಮೊದಲು ಶಾಖದ ಮಾತು. ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಪೆಟ್ರೋಲ್ ಶಾಖಕ್ಕೆ ಹಿಗ್ಗುವುದು ನಿಜ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರರಲ್ಲಿ ಒಂದರ ಹತ್ತನೇ ಪಾಲಿಗಿಂತ ತುಸು ಹೆಚ್ಚು. ಆದರೆ ಟ್ಯಾಂಕು ನೆಲದಡಿ ಹೂತಿರುತ್ತದೆ, ಅಲ್ಲಿನ ಶಾಖ ಬೆಳಗ್ಗೆ ಮಧ್ಯಾಹ್ನಕ್ಕೆಲ್ಲ ಬದಲಾಗುವುದಿಲ್ಲ. ಗ್ರಾಹಕನಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಶಾಖದ ನಿಜವಾದ ತಲೆನೋವು ಬಂಕ್ ಮಾಲೀಕನದು. ಕರಾವಳಿಯ ಸೆಕೆಯಲ್ಲಿ 34 ಡಿಗ್ರಿಯಲ್ಲಿ ತುಂಬಿದ 12,000 ಲೀಟರಿನ ಟ್ಯಾಂಕರ್ ಮಲೆನಾಡಿನ ನೆಲದಡಿಯ 26 ಡಿಗ್ರಿಗೆ ಇಳಿದರೆ ಸುಮಾರು ನೂರು ಲೀಟರ್ ಕುಗ್ಗಿಹೋಗುತ್ತದೆ. ಯಾರೂ ಕದ್ದಿಲ್ಲ, ಎಲ್ಲೂ ಸೋರಿಲ್ಲ, ಆದರೂ ನೂರು ಲೀಟರ್ ಇಲ್ಲ. ಬಂಕಿನವರ ದೂರುಗಳನ್ನು ಕೇಳುವಾಗ ಇದು ನಮ್ಮ ನೆನಪಿನಲ್ಲಿರಬೇಕು.

ಈ ಕಾರಣಕ್ಕೇ ಸಾಂದ್ರತೆಯನ್ನು 15 ಡಿಗ್ರಿಗೆ ಲೆಕ್ಕ ಹಾಕಿ ಬಂಕಿನಲ್ಲಿ ಬರೆದಿಡುತ್ತಾರೆ. ಅರ್ಧ ಲೀಟರಿನ ಗಾಜಿನ ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್, ಒಂದು ಕೋಷ್ಟಕ ಇದ್ದರೆ ಸಾಕು. ಟ್ಯಾಂಕರಿನ ಜೊತೆ ಬಂದ ಚಲನ್ನಿನ ಅಂಕಿಗೂ ಬಂಕಿನ ಅಂಕಿಗೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಲಬೆರಕೆಯ ಅನುಮಾನ ಬರುತ್ತದೆ. ಸೀಮೆಎಣ್ಣೆ ಬೆರೆತರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಹಗುರ ದ್ರಾವಕವನ್ನೂ ಸೇರಿಸಿ ಸರಿದೂಗಿಸಿದರೆ ಸಿಕ್ಕುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಬಂಕಿನ ಸಾಂದ್ರತೆಯ ಪರೀಕ್ಷೆಯನ್ನೂ ಗ್ರಾಹಕ ಕೇಳಿ ಮಾಡಿಸಬಹುದು.

ಇನ್ನು ದರ.

ಕಚ್ಚಾತೈಲದ ಬ್ಯಾರೆಲ್ಲಿಗೆ ಇಷ್ಟು ಡಾಲರ್, ಬ್ಯಾರೆಲ್ಲಿಗೆ 159 ಲೀಟರ್, ಭಾಗಿಸಿದರೆ ಲೀಟರಿಗೆ ಇಷ್ಟು ಎಂದು ಟಿ.ವಿ. ಚರ್ಚೆಗಳಲ್ಲಿ ಲೆಕ್ಕ ಹೇಳುತ್ತಾರೆ. ನಮ್ಮ ಪೆಟ್ರೋಲಿನ ದರ ಹುಟ್ಟುವುದು ಹಾಗಲ್ಲ. ಸಿ. ರಂಗರಾಜನ್ ಸಮಿತಿಯ ಶಿಫಾರಸಿನ ಮೇಲೆ 2006ರಿಂದ ಬಂದ ಪದ್ಧತಿಯಲ್ಲಿ ಸಂಸ್ಕರಣಾಗಾರಕ್ಕೆ ಸಲ್ಲುವ ಬೆಲೆ ನಿಂತಿರುವುದು ಸಿದ್ಧ ಪೆಟ್ರೋಲಿನ ಅಂತರರಾಷ್ಟ್ರೀಯ ದರದ ಮೇಲೆ. ಸಿದ್ಧ ಪೆಟ್ರೋಲನ್ನೇ ಹೊರಗಿನಿಂದ ತರಿಸಿದ್ದರೆ ಎಷ್ಟಾಗುತ್ತಿತ್ತೋ ಅದರ ಶೇ 80, ಹೊರಗೆ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅದರ ಶೇ 20, ಇವೆರಡನ್ನೂ ಕೂಡಿಸಿ ಬರುವುದು ಆ ಬೆಲೆ. ಮಂಗಳೂರಿನಲ್ಲಿ ಸಂಸ್ಕರಿಸಿ ಹಾಸನದಲ್ಲಿ ಉರಿಸುವ ಪೆಟ್ರೋಲಿಗೂ ಸಮುದ್ರ ದಾಟಿ ಬಂದಂತೆ ಲೆಕ್ಕ. ಇದಕ್ಕೆ ಅರ್ಥಶಾಸ್ತ್ರದ ಸಮರ್ಥನೆಯಿದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಕಚ್ಚಾತೈಲ ಇಳಿದರೂ ಬಂಕಿನ ದರ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರವಂತೂ ಇಲ್ಲಿದೆ.

ಉಳಿದರ್ಧ ತೆರಿಗೆಯಲ್ಲಿದೆ. ಅದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ವ್ಯತ್ಯಾಸ 3.92. ಬಂಕಿನಲ್ಲಿ ಲೀಟರಿಗೆ ಏರಿದ್ದು 3 ರೂಪಾಯಿ. ಬೆಂಗಳೂರಿನಲ್ಲಿ 99 ರೂ. 84 ಪೈಸೆ ಇದ್ದದ್ದು 102 ರೂ. 84 ಪೈಸೆಯಾಯಿತು. ಯಾವ ಮೊತ್ತದ ಶೇ 3.92 ಮೂರು ರೂಪಾಯಿ ಆಗುತ್ತದೆ? ಸುಮಾರು 76 ರೂ. 50 ಪೈಸೆ. ಅಂದರೆ ರಾಜ್ಯದ ತೆರಿಗೆ ಬೀಳುವುದು ಈ ಮೊತ್ತದ ಮೇಲೆ, ಅದರ ಶೇ 29.84 ಎಂದರೆ 22 ರೂ. 80 ಪೈಸೆಯ ಆಸುಪಾಸು. ಆ ಎಪ್ಪತ್ತಾರೂವರೆಯ ಒಳಗೇ ಆಗ ಕೇಂದ್ರದ ಅಬಕಾರಿ ಸುಂಕ 19 ರೂ. 90 ಪೈಸೆ ಕೂತಿತ್ತು. ಕೇಂದ್ರದ ಸುಂಕದ ಮೇಲೂ ರಾಜ್ಯ ತೆರಿಗೆ ಹಾಕುತ್ತದೆ, ಬರೀ ಆ ಲೆಕ್ಕಕ್ಕೇ ಲೀಟರಿಗೆ ಆರು ರೂಪಾಯಿ ಹತ್ತಿರ ಹೋಗುತ್ತಿತ್ತು. ಎರಡೂ ಸರ್ಕಾರಗಳ ಪಾಲು ಕೂಡಿಸಿದರೆ ಲೀಟರಿಗೆ ನಲವತ್ತೆರಡು ರೂಪಾಯಿ ಮೀರುತ್ತಿತ್ತು. ಬಂಕಿನವನ ಕಮಿಷನ್ ಸುಮಾರು ನಾಲ್ಕು ರೂಪಾಯಿ. ಆ ನಾಲ್ಕರಲ್ಲೇ ಹುಡುಗರ ಸಂಬಳ, ಕರೆಂಟು, ಆವಿಯಾಗಿ ಹೋದದ್ದು, ಕುಗ್ಗಿಹೋದದ್ದು ಎಲ್ಲ.

ಕೇಂದ್ರದ ಆ 19 ರೂ. 90 ಪೈಸೆಯನ್ನೂ ಬಿಡಿಸಿ ನೋಡಬೇಕು. ಮೂಲ ಸುಂಕ 1 ರೂ. 40 ಪೈಸೆ, ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ಕೃಷಿ ಮೂಲಸೌಕರ್ಯದ ಸೆಸ್ 2 ರೂ. 50 ಪೈಸೆ, ರಸ್ತೆ ಮತ್ತು ಮೂಲಸೌಕರ್ಯದ ಸೆಸ್ 5 ರೂಪಾಯಿ. ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕ ಮಾತ್ರ. ಅದರ ಶೇ 41 ಎಂದರೆ 57 ಪೈಸೆ, ಅದೂ ದೇಶದ ಎಲ್ಲ ರಾಜ್ಯಗಳಿಗೂ ಸೇರಿ. ರಾಜ್ಯಗಳು ತಮ್ಮ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್, ಕಚ್ಚಾತೈಲ, ನೈಸರ್ಗಿಕ ಅನಿಲ, ವಿಮಾನ ಇಂಧನ ಹೊರಗುಳಿದವು. ನಮ್ಮಲ್ಲಿ ಇವತ್ತಿಗೂ ಪೆಟ್ರೋಲಿಗೆ ಅನ್ವಯಿಸುವುದು 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ. ಒಳಗೆ ತರುವ ದಿನವನ್ನು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕೆಂದು ಸಂವಿಧಾನದಲ್ಲೇ ಇದೆ. ಕೇಂದ್ರಕ್ಕಾಗಲಿ ರಾಜ್ಯಗಳಿಗಾಗಲಿ ಅದರ ಆತುರವಿಲ್ಲ.

ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆಯಾದ್ದರಿಂದಲೇ ಗಡಿಯ ಬಂಕುಗಳ ಕಥೆ ಬೇರೆ. ಕಾಸರಗೋಡಿನವರು ತಲಪಾಡಿಗೆ ಬಂದು ಟ್ಯಾಂಕ್ ತುಂಬಿಸುತ್ತಾರೆ. ಕಾರವಾರದವರು ಗೋವಾಕ್ಕೆ ಹೋಗಿ ತುಂಬಿಸುತ್ತಾರೆ. ರಾಜ್ಯದೊಳಗೂ ಡಿಪೊದಿಂದ ದೂರವಾದಷ್ಟು ಸಾಗಣೆ ಖರ್ಚು ಸೇರುತ್ತದೆ, ಮಂಗಳೂರಿನ ದರ ಚಿಕ್ಕಮಗಳೂರಿನಲ್ಲಿ ಸಿಗುವುದಿಲ್ಲ.

ಈಗ ನನಗೆ ನಿಜವಾಗಿ ನೋವು ಕೊಡುವ ಸಂಗತಿಗೆ ಬರುತ್ತೇನೆ. ಪೆಟ್ರೋಲಿನ ದರವನ್ನು ಸರ್ಕಾರದ ಹಿಡಿತದಿಂದ ಬಿಡಿಸಿದ್ದು 2010ರ ಜೂನ್‌ನಲ್ಲಿ, ಡೀಸೆಲ್ಲಿನದು 2014ರ ಅಕ್ಟೋಬರ್‌ನಲ್ಲಿ. 2017ರ ಜೂನ್ 16ರಿಂದ ದಿನವೂ ಬೆಳಗ್ಗೆ 6 ಗಂಟೆಗೆ ದರ ಪರಿಷ್ಕರಣೆ ಎಂದಾಯಿತು. ಮಾರುಕಟ್ಟೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಪೈಸೆ ಪೈಸೆಯ ಲೆಕ್ಕ ಎಂದು ನಮಗೆ ಹೇಳಿದರು. ಅದಾಗಿ ವರ್ಷ ತುಂಬುವ ಮೊದಲೇ, 2018ರ ಮೇ 12ರ ನಮ್ಮ ವಿಧಾನಸಭಾ ಚುನಾವಣೆಗೆ ಮುನ್ನ, ಏಪ್ರಿಲ್ 24ರಿಂದ ದರ ಕದಲಲಿಲ್ಲ. ಮತದಾನ ಮುಗಿಯಿತು, ಮೇ 14ರಿಂದ ಏರತೊಡಗಿತು. 2021ರ ನವೆಂಬರ್‌ನಲ್ಲಿ ನಿಂತ ದರ ಐದು ರಾಜ್ಯಗಳ ಚುನಾವಣೆ ಕಳೆಯುವವರೆಗೆ ಸುಮಾರು ನಾಲ್ಕೂವರೆ ತಿಂಗಳು ಅಲ್ಲಾಡಲಿಲ್ಲ. ಆಮೇಲೆ 2022ರ ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ಹತ್ತು ರೂಪಾಯಿ ಏರಿತು. 2024ರ ಮಾರ್ಚ್ 15ರಂದು ಎರಡು ರೂಪಾಯಿ ಇಳಿಯಿತು, ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾದದ್ದು ಮರುದಿನ. ಫಲಿತಾಂಶ ಬಂದದ್ದು ಜೂನ್ 4ಕ್ಕೆ, ನಮ್ಮ ರಾಜ್ಯ ಸರ್ಕಾರ ತೆರಿಗೆ ಏರಿಸಿದ್ದು ಜೂನ್ 15ಕ್ಕೆ. ಒಂದು ಪಕ್ಷವನ್ನು ದೂರಲು ಇದನ್ನು ಹೇಳುತ್ತಿಲ್ಲ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲರೂ ಅದರಲ್ಲಿದ್ದಾರೆ.

ದರ ಮಾರುಕಟ್ಟೆಯ ಹಿಂದೆ ಹೋಗುವುದಿಲ್ಲ ಎಂಬುದು 2020ರಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಕೋವಿಡ್ ಕಾಲದಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 20 ಡಾಲರಿನ ಮಟ್ಟಕ್ಕೆ ಕುಸಿಯಿತು. ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 10 ರೂಪಾಯಿ ಕೇಂದ್ರದ ಸುಂಕ ಏರಿತು. ಬಂಕಿನ ಬೋರ್ಡಿನಲ್ಲಿ ಇದರ ಸುಳಿವೇ ಇರಲಿಲ್ಲ. ಇಳಿಯಬೇಕಿದ್ದ ದರ ಇಳಿಯಲಿಲ್ಲ, ಅಷ್ಟೇ. ಹತ್ತು ರೂಪಾಯಿ ತೆರಿಗೆ ಕೊಟ್ಟವನಿಗೆ ತಾನು ಕೊಟ್ಟದ್ದು ಗೊತ್ತಾಗಲಿಲ್ಲ. 2021ರಲ್ಲಿ ಮಾರುಕಟ್ಟೆ ಮತ್ತೆ ಏರಿದಾಗ ಹೊರೆ ಕಣ್ಣಿಗೆ ಬಿತ್ತು. ಆ ಫೆಬ್ರುವರಿಯಲ್ಲಿ ಭೋಪಾಲದ ಕೆಲವು ಬಂಕುಗಳಲ್ಲಿ ಪ್ರೀಮಿಯಂ ಪೆಟ್ರೋಲಿನ ಮಾರಾಟವನ್ನೇ ನಿಲ್ಲಿಸಬೇಕಾಯಿತು, ಹಳೆಯ ಯಂತ್ರಗಳಲ್ಲಿ ನೂರು ರೂಪಾಯಿ ತೋರಿಸಲು ಮೂರನೆಯ ಅಂಕಿಗೆ ಜಾಗವಿರಲಿಲ್ಲ. ಜೂನ್ ಹೊತ್ತಿಗೆ ಬೆಂಗಳೂರೂ ನೂರು ದಾಟಿತು.

ತೈಲ ಕಂಪನಿಗಳ ಮಾತೂ ನ್ಯಾಯವೇ. 2022ರಲ್ಲಿ ಉಕ್ರೇನ್ ಯುದ್ಧದಿಂದ ಕಚ್ಚಾತೈಲ ನೂರು ಡಾಲರ್ ಮೀರಿದಾಗ, ಏಪ್ರಿಲ್ 6ರ ನಂತರ ಅವು ದರ ಏರಿಸದೆ ನಷ್ಟ ತಾಳಿದವು. ಆ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಸರ್ಕಾರಿ ವಲಯದ ಮೂರೂ ಕಂಪನಿಗಳು ನಷ್ಟ ತೋರಿಸಿದವು. ಆ ನಷ್ಟವನ್ನು ಆಮೇಲಿನ ಇಳಿಕೆಯ ದಿನಗಳಲ್ಲಿ ತುಂಬಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಎಷ್ಟು ತುಂಬಿಕೊಂಡವು, ಯಾವಾಗ ಮುಗಿಯಿತು ಎಂಬುದು ಕೊಳ್ಳುವವನಿಗೆ ಕಾಣಬೇಕು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಇನ್ನೆರಡು ರೂಪಾಯಿ ಸುಂಕ ಏರಿಸಿತು, ದರ ಮಾತ್ರ ಏರಲಿಲ್ಲ. ಆ ಎರಡು ರೂಪಾಯಿ ಯಾರ ಜೇಬಿನಿಂದ ಬಂತು? ನಮಗೆ ಸಿಗಬಹುದಾಗಿದ್ದ ಇಳಿಕೆಯಿಂದಲೇ ಎಂದು ನನಗನ್ನಿಸುತ್ತದೆ. ಅಳೆದು ನೋಡೋಣವೆಂದರೆ ಪಾತ್ರೆಯಿಲ್ಲ.

ಇತ್ತೀಚಿನ ಇನ್ನೊಂದು ವಿಷಯದಲ್ಲಿ ಅಳತೆಯೂ ದರವೂ ಒಂದಕ್ಕೊಂದು ಹೆಣೆದುಕೊಂಡಿವೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಸಮಾವೇಶದಲ್ಲಿ ಪ್ರಧಾನಿಯವರು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ರೈತರಿಗೆ ಇದರಿಂದ ಅನುಕೂಲವಿದೆ, ವಿದೇಶಿ ವಿನಿಮಯವೂ ಉಳಿಯುತ್ತದೆ. ನಾನು ಇದರ ವಿರೋಧಿಯಲ್ಲ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಾಖಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಐದರಲ್ಲಿ ಒಂದು ಭಾಗ ಎಥೆನಾಲ್ ಆದಾಗ ಲೀಟರಿನ ಶಕ್ತಿ ಶೇ 6ರಿಂದ 7ರಷ್ಟು ತಗ್ಗುತ್ತದೆ. ಅದಕ್ಕೆಂದೇ ಹೊಂದಿಸಿದ ಎಂಜಿನ್ ಸ್ವಲ್ಪ ಭಾಗವನ್ನು ಹಿಂದೆ ಪಡೆಯಬಲ್ಲದು, ಹಳೆಯ ಸ್ಕೂಟರಿಗೆ ಅದು ಆಗದು. ಅಳತೆಯಲ್ಲಿ ಅರ್ಧ ಪರ್ಸೆಂಟ್ ಮೀರಿ ತಪ್ಪಿದರೆ ಕೇಸು ಹಾಕುವ ಕಾನೂನು ಇದನ್ನು ನೋಡುವುದೇ ಇಲ್ಲ, ಏಕೆಂದರೆ ಲೀಟರು ಪೂರ್ತಿಯಿದೆ. ಮಿಶ್ರಣದ ಪೆಟ್ರೋಲಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಗ್ರಾಹಕನ ನಷ್ಟ ತುಂಬಬೇಕೆಂದು ನೀತಿ ಆಯೋಗ ಪ್ರಕಟಿಸಿದ 2021ರ ವರದಿಯೇ ಸಲಹೆ ಮಾಡಿತ್ತು. ಆ ರಿಯಾಯಿತಿ ನಮ್ಮ ಬಂಕಿನ ದರದಲ್ಲಿ ಕಾಣಿಸಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಹೋಟೆಲಿನಲ್ಲಿ ದೋಸೆ ತಿಂದರೆ ಬಿಲ್ಲಿನಲ್ಲಿ ಕೇಂದ್ರದ ತೆರಿಗೆ ಎಷ್ಟು, ರಾಜ್ಯದ್ದು ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಬಂಕಿನ ರಸೀದಿಯಲ್ಲಿ ದರ, ಲೀಟರು, ಮೊತ್ತ ಇರುತ್ತದೆ, ತೆರಿಗೆ ಎಲ್ಲೂ ಇರುವುದಿಲ್ಲ. ದೆಹಲಿಯ ದರದ ವಿಂಗಡಣೆಯನ್ನು ಪೆಟ್ರೋಲಿಯಂ ಯೋಜನೆ ಮತ್ತು ವಿಶ್ಲೇಷಣಾ ಕೋಶ ಪ್ರಕಟಿಸುತ್ತದೆ. ಹಾಗೆಯೇ ಹಾಸನದ ದರದ ವಿಂಗಡಣೆ ಹಾಸನದ ರಸೀದಿಯಲ್ಲಿ ಬರಬೇಕು. ಕಂಪನಿಗೆ ಎಷ್ಟು, ಸಾಗಣೆಗೆ ಎಷ್ಟು, ಕೇಂದ್ರಕ್ಕೆ ಎಷ್ಟು, ರಾಜ್ಯಕ್ಕೆ ಎಷ್ಟು, ಬಂಕಿಗೆ ಎಷ್ಟು, ಎಥೆನಾಲ್ ಶೇಕಡಾ ಎಷ್ಟು, ಇಷ್ಟೇ. ರಸೀದಿ ಮುದ್ರಿಸುವ ಯಂತ್ರ ಬಂಕುಗಳಲ್ಲಿ ಆಗಲೇ ಇದೆ, ದರವೂ ಕಂಪನಿಯ ಕಂಪ್ಯೂಟರಿನಿಂದಲೇ ಬರುತ್ತದೆ.

ಈ ಬೇಡಿಕೆಯನ್ನು ಕೇಂದ್ರದ ಪೆಟ್ರೋಲಿಯಂ ಸಚಿವಾಲಯಕ್ಕೂ ರಾಜ್ಯದ ಹಣಕಾಸು ಇಲಾಖೆಗೂ ಕಳಿಸಲು ಒಂದು ಮನವಿ ಸಿದ್ಧಪಡಿಸಿದ್ದೇನೆ. ಪ್ರತಿ ಹೊರಗಿನ ಮೇಜಿನ ಮೇಲಿದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪದವರು ಏಕೆ ಒಪ್ಪುವುದಿಲ್ಲವೆಂದು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಅದನ್ನೂ ಸೇರಿಸಿಯೇ ಕಳಿಸುತ್ತೇನೆ.